ರೇವಯ್ಯನ ಮೆಟ್ಟು

ಹೊಳೆದಂಡೆಯ ಆಶ್ರಮ ಬಿಟ್ಟು ಹೋಗುವುದೆಂದು ರೇವಯ್ಯ ಬೆಳಿಗ್ಗೆಯೇ ಗಂಟು ಕಟ್ಟಿದ್ದ. ಸಂಜೆಯ ದೋಣಿ ಹಿಡಿದರೆ ಆಚೆ ದಡ. ಅಲ್ಲಿಂದ ಕಲ್ಲುಗುಡ್ಡದ ದಾರಿ. ಗುಡ್ಡದಾಚೆ ಇನ್ನೊಬ್ಬ ಗುರುಗಳಿದ್ದಾರಂತೆ.

ಆದರೆ ಬೇಸಿಗೆಯಿಡೀ ಮೂಲೆಯಲ್ಲಿ ಬಿದ್ದಿದ್ದ ಮೆಟ್ಟು ಕೊರಡಾಗಿತ್ತು. ಕಾಲಿಗೇರಿಸಿದರೆ ಉಂಗುಟ ಸುಲಿಯುತ್ತಿತ್ತು.

ಅವನ ಗುರು ಹುಚ್ಚಯ್ಯ ಮೆಟ್ಟು ಹೊಲಿಯುತ್ತಲೇ ಪಾಠ ಹೇಳುವವರು. ರೇವಯ್ಯ ಅವರೆದುರು ಹೋಗಿ ನಿಂತ.

“ಅಯ್ಯಾ, ತೊಗಲು ಮೆತ್ತಗಾಗೋಕೆ ಯಾವ ಎಣ್ಣೆ ಒಳ್ಳೇದು?”

“ಏನೇನು ಹಚ್ಚಿದೆ?”

“ಬೆಳಿಗ್ಗೆ ಹರಳೆಣ್ಣೆ. ಮೇಲೇ ನಿಂತಿತು. ಒರೆಸಿ ತುಪ್ಪ ಹಚ್ಚಿದೆ.”

“ಅದಕ್ಕೇ ನಾಯಿ ನಿನ್ನ ಹಿಂದೇ ಸುತ್ತುತಾ ಇದೆ. ಆಮೇಲೆ?”

“ಅಗಸೆ ಎಣ್ಣೆ ಹಚ್ಚಿ ಬಿಸಿಲಿಗಿಟ್ಟೆ.”

“ಅಗಸೆ ಎಣ್ಣೆ ಒಣಗಿದರೆ ತಾನೇ ಗಟ್ಟಿಯಾಗ್ತದೆ ಮಾರಾಯ. ಅದು ಮರಕ್ಕೆ ಸರಿ, ತೊಗಲಿಗಲ್ಲ.”

“ಹಾಗಾದರೆ ಯಾವುದು ಸರಿ?”

“ಹರಳೆಣ್ಣೆಯೇ.”

“ಅದು ಒಳಗಿಳೀಲಿಲ್ಲ ಅಯ್ಯಾ!” ರೇವಯ್ಯನ ದನಿ ಏರಿತು. “ನಿಮ್ಮ ಮಾತೂ ಅಷ್ಟೇ. ಹಿಂದಿನ ಗುರುಗಳ ಮಾತೂ ಅಷ್ಟೇ. ನನ್ನೊಳಗೆ ಯಾವುದೂ ಇಳಿಯೋದಿಲ್ಲ. ಅದಕ್ಕೇ ಹೊರಟಿದ್ದೀನಿ.”

ಹುಚ್ಚಯ್ಯ ಅವನ ಕೈಯಿಂದ ಮೆಟ್ಟು ತೆಗೆದುಕೊಂಡರು. ಹಚ್ಚಿದ್ದ ಎಣ್ಣೆಯೆಲ್ಲ ಹೋಗುವಂತೆ ಅಂಟುವಾಳದ ನೊರೆಯಲ್ಲಿ ತಿಕ್ಕಿದರು. ಹೊಳೆಗಿಳಿದು ಮುಳುಗಿಸಿ ಹಿಡಿದರು.

“ಅಯ್ಯೋ! ಇಷ್ಟು ಹೊತ್ತು ಒಣಗಿಸಿದ್ದೆನಲ್ಲ!”

“ಸೆಟೆದ ತೊಗಲು ಯಾವ ಎಣ್ಣೇನೂ ಒಳಗೆ ಬಿಟ್ಟುಕೊಳ್ಳೋದಿಲ್ಲ. ಮೊದಲು ನೆನೀಬೇಕು.”

ನೆನೆದ ಮೇಲೆ ಒರೆಸಿದರು. ಹರಳೆಣ್ಣೆಗೆ ಚೂರು ಕುರಿಕೊಬ್ಬು ಕಲಸಿ ಉಜ್ಜಿ, ಹುಣಸೆಮರದ ನೆರಳಲ್ಲಿಟ್ಟರು.

“ಬಿಸಿಲಲ್ಲಾದರೆ ಬೇಗ...”

“ಬಿಸಿಲು ನೀರನ್ನ ಓಡಿಸ್ತದೆ. ನೆರಳಲ್ಲಿ ಅದು ತಾನಾಗಿ ಹೊರಡ್ತದೆ. ಅದು ಬಿಟ್ಟುಕೊಟ್ಟ ಜಾಗಕ್ಕೆ ಎಣ್ಣೆ ಇಳೀತದೆ.”

“ಎಷ್ಟು ಹೊತ್ತು?”

“ತೊಗಲನ್ನ ಕೇಳು.”

ರೇವಯ್ಯ ಕೂತ. ಎದ್ದ. ಮೆಟ್ಟು ಮುಟ್ಟಿ ನೋಡಿದ. ಹೊಳೆಯ ಕಡೆ ನೋಡಿದ. ಮತ್ತೆ ಕೂತ.

ಹೊತ್ತಿಳಿಯಿತು. ದೋಣಿ ದಡ ಮುಟ್ಟಿತು.

“ಏನ್ ಸ್ವಾಮಿ, ಬರ್ತೀರೋ ಇಲ್ವೋ?” ಅಂಬಿಗ ಕೂಗಿದ. “ಬೆಳಿಗ್ಗೆಯಿಂದ ಗಂಟು ಕಟ್ಕೊಂಡು ಕುಂತಿದ್ದೀರಿ!”

ರೇವಯ್ಯ ಗಂಟನ್ನು ಹೆಗಲಿಗೇರಿಸಿ ಮೆಟ್ಟು ಕೈಗೆತ್ತಿಕೊಂಡ. ಹೆಬ್ಬೆರಳಿನಿಂದ ಒತ್ತಿದ. ತೊಗಲು ತುಸುವೇ ಬಾಗಿತು. ಹೊಲಿಗೆಯ ಸಂದಿಯಲ್ಲಿ ನೀರಿನ ಹನಿಯೊಂದು ಮೂಡಿತು.

ಗುರುವಿನತ್ತ ನೋಡಿದ. ಅವರು ತಲೆಯೆತ್ತದೆ ದಾರ ಎಳೆಯುತ್ತಿದ್ದರು.

ರೇವಯ್ಯ ಮೆಟ್ಟನ್ನು ಮೆಲ್ಲಗೆ ನೆರಳಿನಲ್ಲೇ ಇಟ್ಟ. ಗಂಟು ಮಾತ್ರ ಇನ್ನೂ ಹೆಗಲ ಮೇಲಿತ್ತು.

“ಏನಂತೀರಿ ಸ್ವಾಮಿ?”

ಹುಚ್ಚಯ್ಯನವರೇ ಅಂಬಿಗನಿಗೆ ಉತ್ತರ ಕೊಟ್ಟರು.

“ನೀನು ಹೊರಡಪ್ಪ. ಇಲ್ಲಿ ನೀರು ಇನ್ನೂ ಆರಿಲ್ಲ.”