ಒಂದೇ ಹರಿಗೋಲಿನ ಕಡವು

“ಗುರುಗಳೇ, ನಾಡಿನ ಏಳಿಗೆಯಾಗಬೇಕಾದರೆ ಆಳುವವನು ಜನರಿಗೆ ಏನು ಕೊಡಬೇಕು?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಹೊಳೆ ದಾಟುವ ಒಂದು ಕಡವಿನಲ್ಲಿ ಐವರು ಅಂಬಿಗರಿದ್ದರು. ಐವರಿಗೂ ಒಂದೊಂದು ಹರಿಗೋಲು. ಒಮ್ಮೆ ನೆರೆಯಲ್ಲಿ ಸಿಕ್ಕಿಬಿದ್ದ ಪಾಳೆಯಗಾರನನ್ನು ಅವರಲ್ಲೊಬ್ಬ ದಡ ಸೇರಿಸಿದ. ಪಾಳೆಯಗಾರ, “ಏನು ಬೇಕೋ ಕೇಳು” ಎಂದ. “ಈ ಕಡವಿನಲ್ಲಿ ನನ್ನದೊಂದೇ ಹರಿಗೋಲು ಓಡಾಡಲಿ” ಎಂದ ಅಂಬಿಗ. ಹಾಗೆಯೇ ಅಪ್ಪಣೆಯಾಯಿತು. ಉಳಿದ ನಾಲ್ವರು ಹರಿಗೋಲುಗಳನ್ನು ಬೋರಲು ಹಾಕಿ ಹೊಲದ ಕೆಲಸಕ್ಕೆ ಹೋದರು.

ಅಂಬಿಗ ಈಗ ಬಿಸಿಲೇರಿದ ಮೇಲೆ ಬರುತ್ತಿದ್ದ. ಒಬ್ಬಿಬ್ಬರು ಕಾದಿದ್ದರೆ ಹುಟ್ಟು ಮುಟ್ಟುತ್ತಿರಲಿಲ್ಲ. ದಾಟಿಸುವ ಕೂಲಿಯನ್ನು ಇಮ್ಮಡಿ ಮಾಡಿದ. ಕುಂಬಾರ ಆಚೆ ದಡದ ಸಂತೆಗೆ ಮಡಕೆ ಒಯ್ಯುವುದನ್ನು ಬಿಟ್ಟ. ಆಚೆಯ ಬೆಲ್ಲ ಈಚೆಗೆ ಬರುವುದು ನಿಂತಿತು. ವರ್ಷ ತುಂಬುವಷ್ಟರಲ್ಲಿ ದಾಟುವವರೇ ಕಡಿಮೆಯಾದರು. ಅಂಬಿಗನ ಮನೆಯ ಕಣಜವೂ ಇಳಿಯಿತು. ಅದಕ್ಕೆ ಅವನು ಜನರನ್ನು ಬೈದ.

ಮಳೆಗಾಲದ ಒಂದು ಮಧ್ಯಾಹ್ನ ಅವನ ಹೆಂಡತಿಗೆ ಹೆರಿಗೆ ನೋವು ಬಂತು. ಮಗು ಅಡ್ಡ ತಿರುಗಿತ್ತು. ಸೂಲಗಿತ್ತಿ ಇದ್ದದ್ದು ಆಚೆ ದಡದಲ್ಲಿ. ಅಂಬಿಗನ ಹರಿಗೋಲಿನ ತೊಗಲು ಎರಡು ದಿನದ ಹಿಂದೆ ಬಂಡೆಗೆ ತಾಗಿ ಹರಿದಿತ್ತು. ಕೇಳುವವರು ಯಾರು ಎಂದು ಅವನು ಹೊಲಿದಿರಲಿಲ್ಲ.

ಅವನು ಉಳಿದವರ ಮನೆಗೆ ಓಡಿದ. ಮೂವರ ಹರಿಗೋಲುಗಳ ತೊಗಲು ನೀರು ಕಾಣದೆ ಒಣಗಿ ಸೀಳಿಹೋಗಿತ್ತು. ನಾಲ್ಕನೆಯವನು ಮಾತ್ರ ತನ್ನದಕ್ಕೆ ವಾರಕ್ಕೊಮ್ಮೆ ಎಣ್ಣೆ ಸವರಿ ನೆರಳಿನಲ್ಲಿ ಇಟ್ಟಿದ್ದ.

“ಕಡವು ನಿನ್ನದಲ್ಲವೇನಣ್ಣಾ? ನಿನ್ನ ಅಪ್ಪಣೆಯಾದರೆ ಇಳಿಸುತ್ತೇನೆ” ಎಂದು ಅವನು ಚುಚ್ಚಿದ. ಚುಚ್ಚುತ್ತಲೇ ಹರಿಗೋಲನ್ನು ತಲೆಯ ಮೇಲೆ ಹೊತ್ತು ಹೊಳೆಯ ಕಡೆಗೆ ನಡೆದ.

ಸೂಲಗಿತ್ತಿ ಬಂದಳು. ತಾಯಿ ಉಳಿದಳು. ಮಗು ಅತ್ತಿತು.

ಅಂಬಿಗ ತನ್ನ ಬೆಳ್ಳಿಯ ಉಡಿದಾರ ಬಿಚ್ಚಿ ಆ ನಾಲ್ಕನೆಯವನಿಗೆ ಕೊಡಲು ಹೋದ.

“ಇಟ್ಟುಕೋ ಅಣ್ಣಾ. ಹುಟ್ಟು ಹಿಡಿದು ವರ್ಷವಾಗಿತ್ತು. ನಾನೇ ನಿನಗೆ ಕೊಡಬೇಕು” ಎಂದ ಅವನು.

ಆ ಮಾತನ್ನು ಅಂಬಿಗನಿಗೆ ತಡೆಯಲಾಗಲಿಲ್ಲ. ಮರುದಿನವೇ ಪಾಳೆಯಗಾರನ ಮುಂದೆ ನಿಂತು, ಅಪ್ಪಣೆ ಹಿಂತೆಗೆಯಬೇಕೆಂದು ಬೇಡಿಕೊಂಡ. ಪಾಳೆಯಗಾರ ಒಪ್ಪಿದ. ಹರಿಗೋಲುಗಳಿಗೆ ಹೊಸ ತೊಗಲು ಬಿತ್ತು. ಕೂಲಿ ಇಳಿಯಿತು. ಮಡಕೆ ಆಚೆಗೆ ಹೋಯಿತು, ಬೆಲ್ಲ ಈಚೆಗೆ ಬಂತು. ಮುಂದಿನ ಸುಗ್ಗಿಗೆ ಐದು ಸಾಲದೆ ಆರನೆಯದನ್ನು ಕಟ್ಟಿದರು. ಬೆಳಗಿನ ಮೊದಲ ಹರಿಗೋಲು ಆ ಅಂಬಿಗನದೇ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

“ಹಾಗಾದರೆ ಆ ನಾಡು ಯಾರಿಗೆ ಕೃತಜ್ಞವಾಗಿರಬೇಕು? ಅಪ್ಪಣೆ ಹಿಂತೆಗೆದ ಪಾಳೆಯಗಾರನಿಗೋ, ಬೇಡಿಕೊಂಡ ಅಂಬಿಗನಿಗೋ?” ಎಂದ ಶಿಷ್ಯ.

“ಆ ಹೊಳೆ ದಾಟಿದವರೆಲ್ಲ ತಂತಮ್ಮ ಕೆಲಸಕ್ಕೆ ಹೊರಟವರು, ನಾಡನ್ನು ಉದ್ಧರಿಸಲು ಹೊರಟವನು ಒಬ್ಬನೂ ಇರಲಿಲ್ಲ. ಆದರೂ ನಾಡು ಏಳಿಗೆ ಕಂಡದ್ದು ಅವರಿಂದಲೇ; ನಾನು ದಿನಾ ಕೈಮುಗಿಯುವುದು ಅವರಿಗೆ.”