ದಾರಿಗೆ ಸುರಿದ ಚರಟ

"ಗುರುಗಳೇ, ದೊಡ್ಡೋರ ತಪ್ಪು ಚಿಕ್ಕೋರ ಕಣ್ಣಿಗೆ ಬಿತ್ತು ಅಂತಿಟ್ಕೊಳ್ಳಿ. ಆಗ ಬಾಯಿ ಮುಚ್ಕೊಂಡಿರೋದೇ ಮರ್ಯಾದೆ, ಅಲ್ವಾ?"

ಶಿಷ್ಯ ಹೀಗೆ ಕೇಳಿದ. ಕೇಳಿ ತಲೆ ತಗ್ಗಿಸಿದ. ಗುರುಗಳು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಕೂತ್ಕೋ ಅಂದ್ರು. ಅವನು ಕೂತ. ಅವರು ಕತೆ ಶುರು ಮಾಡೇಬಿಟ್ರು.

ಚೀನಾ ದೇಶ. ಬೆಟ್ಟದ ಬುಡದಲ್ಲೊಂದು ಊರು. ಆ ಊರಲ್ಲೊಬ್ಬ ವೈದ್ಯ. ಎಂಥಾ ವೈದ್ಯ ಅಂತೀಯ! ಕೈ ಹಿಡಿದು ನಾಡಿ ನೋಡಿದ್ರೆ ಸಾಕು, ನಿನ್ನೆ ಏನು ಉಂಡೆ, ಯಾರ ಮೇಲೆ ಸಿಟ್ಟು ಮಾಡ್ಕೊಂಡೆ, ಎಲ್ಲಾ ಹೇಳ್ತಾನೆ ಅಂತ ಜನ ಅನ್ನೋರು. ಸುತ್ತ ಹತ್ತೂರಲ್ಲಿ ಔಷಧ ಕೊಡೋರು ಒಟ್ಟು ಹದಿನಾಲ್ಕು ಜನ. ಅಷ್ಟೂ ಜನ ಇವನ ಹತ್ರ ಕಲಿತೋರೇ.

ಆ ಬೆಟ್ಟದ ನೆರಳಲ್ಲಿ ಒಂದು ಬೇರು ಬೆಳೆಯುತ್ತೆ. ನೋಡೋಕೆ ಕೋಳಿ ಕಾಲಿನ ಹಾಗೆ, ಗಂಟು ಗಂಟು. ಮುರಿದ್ರೆ ಒಳಗೆ ಅರಿಶಿನದ ಬಣ್ಣ. ಕಹಿ ಅಂದ್ರೆ ಕಹಿ, ಅದರ ಮುಂದೆ ಬೇವು ಬೆಲ್ಲ! ಮೈ ಕಾದು ರಕ್ತ ಬೀಳೋ ಭೇದಿಗೆ ಅದೇ, ಬಾಯಿ ಹುಣ್ಣಿಗೆ ಅದೇ, ಕೆಂಪಾದ ಕಣ್ಣಿಗೆ ಅದೇ, ಜ್ವರದ ತಾಪಕ್ಕೆ ನಿದ್ದೆ ಬರದೆ ಕನವರಿಸೋರಿಗೂ ಅದೇ. ಉಷ್ಣದ ಕಾಯಿಲೆ ಎಲ್ಲಿ ಅಡಗಿದ್ರೂ ಹಿಡಿದು ಎಳೆದು ಹಾಕುತ್ತೆ. ಆದ್ರೆ ಅದು ತಂಪು, ಭಾರೀ ತಂಪು. ಉಷ್ಣ ಇಳಿದ ಮೇಲೂ ಕೊಡ್ತಾ ಹೋದ್ರೆ ಹೊಟ್ಟೆಯ ಕಿಚ್ಚನ್ನೇ ಆರಿಸಿಬಿಡುತ್ತೆ. ಆಮೇಲೆ ಮೈಯಲ್ಲಿ ಉಳಿಯೋದೇನು? ಅದಕ್ಕೇ ವೈದ್ಯ ಶಿಷ್ಯರಿಗೆ ಮೊದಲ ದಿನವೇ ಹೇಳೋನು: ಈ ಬೇರನ್ನ ಶುರು ಮಾಡೋದು ಯಾರಿಗಾದ್ರೂ ಬರುತ್ತೆ, ನೀವು ನಿಲ್ಲಿಸೋದು ಕಲೀರಿ.

ಆ ಊರಲ್ಲೊಂದು ಪದ್ಧತಿ. ಕಷಾಯ ಸೋಸಿದ ಮೇಲೆ ಬಟ್ಟೇಲಿ ಚರಟ ಉಳಿಯುತ್ತಲ್ಲ, ಅದನ್ನ ತಿಪ್ಪೆಗೆ ಹಾಕೋ ಹಾಗಿಲ್ಲ. ಮನೆ ಮುಂದಿನ ದಾರಿಗೇ ಸುರೀಬೇಕು. ತುಳಿದೋರ ಕಾಲಿಗೆ ಕಾಯಿಲೆ ಅಂಟ್ಕೊಂಡು ಹೋಗಲಿ ಅಂತ ಕೆಲವರು ಅನ್ನೋರು. ಬಲ್ಲೋರು ಹೇಳೋದೇ ಬೇರೆ. ಆ ದಾರೀಲಿ ಹೋಗೋ ಇನ್ನೊಬ್ಬ ವೈದ್ಯ ಬಗ್ಗಿ ನೋಡಲಿ, ಯಾವ ಬೇರು ಬಿದ್ದಿದೆ, ಎಷ್ಟು ಬಿದ್ದಿದೆ ಅಂತ ನೋಡಲಿ, ತಪ್ಪಿದ್ರೆ ಬಾಗಿಲು ತಟ್ಟಲಿ. ಅದಕ್ಕೆ.

ಈ ವೈದ್ಯನಿಗೆ ಒಬ್ಬಳೇ ಮಗಳು. ಏಳು ವರ್ಷ. ಒಂದು ಬೇಸಗೆ ಅವಳಿಗೆ ರಕ್ತಭೇದಿ ಹತ್ಕೊಳ್ತು. ಹೆಂಡತಿ ಅಂದಳು, ನಿಮ್ಮ ಮಗುವಿಗೆ ನೀವೇ ಔಷಧ ಕೊಡಬೇಡಿ, ಬೇರೆ ಯಾರನ್ನಾದ್ರೂ ಕರೀರಿ. ಯಾರನ್ನ ಕರೀಲಿ? ಇರೋರೆಲ್ಲ ಅವನು ಕಲಿಸಿದೋರು! ಅವನೇ ಬೇರು ತೆಗೆದ, ಅವನೇ ಕುದಿಸಿದ, ಮೂರು ಬಟ್ಟಲು ನೀರು ಒಂದು ಬಟ್ಟಲಿಗೆ ಇಳಿಯೋ ತನಕ ಒಲೆ ಮುಂದೆ ತಾನೇ ಕೂತ. ಮೂರೇ ದಿನ. ರಕ್ತ ನಿಂತಿತು, ಜ್ವರ ಇಳೀತು, ಮಗು ಗಂಜಿ ಕೇಳ್ತು.

ಅಲ್ಲಿಗೆ ನಿಲ್ಲಿಸಬೇಕಿತ್ತು.

ಆದ್ರೆ ನಾಲ್ಕನೇ ದಿನ ಮತ್ತೆ ಭೇದಿ. ಈಗ ರಕ್ತ ಇಲ್ಲ, ಬರೀ ನೀರು. ಒಳಗೆ ಉಷ್ಣ ಇನ್ನೂ ಉಳಿದಿದೆಯಾ, ಇಲ್ಲಾ ಬೇರಿನ ತಂಪೇ ಹೊಟ್ಟೆಗೆ ಇಳಿದುಬಿಟ್ಟಿದೆಯಾ? ಬೇರೆಯೋರ ಮಗು ಆಗಿದ್ರೆ ರೆಪ್ಪೆ ಬಡಿಯೋದ್ರೊಳಗೆ ಹೇಳಿರೋನು. ಇಲ್ಲಿ ನಾಡಿ ಹಿಡಿದ್ರೆ ಅವಳ ನಾಡಿ ಯಾವುದು, ತನ್ನ ಬೆರಳಿನ ನಡುಕ ಯಾವುದು ಅಂತಲೇ ತಿಳೀಲಿಲ್ಲ. ಉಷ್ಣವೇ ಇರಬೇಕು ಅಂತ ಬೇರು ಇಮ್ಮಡಿ ಹಾಕಿ ಕುದಿಸಿದ. ಶಿಷ್ಯರ ಮನೆಗೆ ಹೋಗಿ ಕೇಳೋಣ ಅಂದ್ರೆ ಬಾಯಿ ಬರಲಿಲ್ಲ. ಆಗ ಏನು ಮಾಡಿದ ಗೊತ್ತಾ? ಐದನೇ ದಿನ ಬೆಳಗ್ಗೆ ಚರಟ ತಾನೇ ತಗೊಂಡು ಹೋಗಿ ದಾರಿಗೆ ಸುರಿದ. ಸುರಿದು, ಕಡ್ಡೀಲಿ ಹರಡಿದ, ಒಂದೊಂದು ಚೂರೂ ಬೇರೆ ಬೇರೆ ಕಾಣೋ ಹಾಗೆ. ಒಳಗೆ ಬಂದು ಬಾಗಿಲ ಹಿಂದೆ ಕೂತು ಕಿವಿಗೊಟ್ಟ.

ಬೆಟ್ಟದಿಂದ ಬೇರು ತರೋಕೆ ಹದಿನಾಲ್ಕೂ ಶಿಷ್ಯರು ಆ ದಾರೀಲೇ ಓಡಾಡೋರು. ಒಬ್ಬ ಬಂದ, ಬಗ್ಗಿದ, ನೋಡಿದ. ಐದನೇ ದಿನಾನೂ ಇದೇ ಬೇರಾ? ಇರಲಿ, ಗುರುಗಳಿಗೆ ಗೊತ್ತಿಲ್ಲದ್ದು ನನಗೆ ಗೊತ್ತಾ ಅಂದ್ಕೊಂಡು ಹೋದ. ಇನ್ನೊಬ್ಬ ಬಂದ. ಅವನು ಚೂರೊಂದನ್ನ ನಾಲಗೆಗೆ ಹಚ್ಚಿ ನೋಡಿದ, ಆಹಾ, ಇದು ನಮಗೆ ಹೇಳಿಕೊಡದೆ ಇಟ್ಕೊಂಡಿದ್ದ ಗುಟ್ಟು ಅಂತ ಬರ್ಕೊಂಡ! ಬರ್ಕೊಂಡು ಹೋಗಿ ತನ್ನ ರೋಗಿಗೂ ಹಾಗೇ ಕೊಟ್ಟ. ಆ ರೋಗಿ ಏನಾದನೋ, ಅದು ಬೇರೆ ಕತೆ.

ಹೀಗೇ ಉಳಿದೋರೂ ನೋಡ್ಕೊಂಡು ಹೋದ್ರು. ಕೊನೆಗೆ ಎಲ್ಲರಿಗಿಂತ ಹಿರೀ ಶಿಷ್ಯ ಬಂದ. ತಲೆ ನರೆತಿದ್ದೋನು. ನೋಡಿದೋನೇ ಮತ್ತೆ ಬಗ್ಗಿ ಚೂರುಗಳನ್ನ ಎಣಿಸಿದ. ಬೇರು ಇಮ್ಮಡಿ ಇದೆ, ಅದರ ತಂಪು ತಡೆಯೋಕೆ ಹಾಕಬೇಕಾದ ಒಣಶುಂಠಿಯ ಒಂದು ಚೂರೂ ಇಲ್ಲ! ಮಗು ಹೋಗಿಬಿಡುತ್ತೆ. ಅವನಿಗೆ ಗೊತ್ತಾಯ್ತು, ಚೆನ್ನಾಗೇ ಗೊತ್ತಾಯ್ತು. ಬಾಗಿಲ ಹತ್ರ ಹೋದ, ಕೈ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು. ಒಳಗಿದ್ದ ವೈದ್ಯನಿಗೆ ತಡೆಯೋಕಾಗಲಿಲ್ಲ, ತಾನೇ ಬಾಗಿಲು ತೆಗೆದ.

"ಯಾಕಯ್ಯ, ನಿಂತ್ಬಿಟ್ಟೆ?"

"ಸುಮ್ನೆ ಗುರುಗಳೇ. ಈ ಕಡೆ ಬಂದಿದ್ದೆ."

"ಚರಟ ನೋಡಿದ್ಯಾ?"

"ನೋಡ್ದೆ."

"ಏನನ್ನಿಸ್ತು? ಹೇಳಯ್ಯ."

ಹಿರೀ ಶಿಷ್ಯ ನಕ್ಕ. "ನಿಮ್ಮ ಕೈ ಔಷಧಕ್ಕೆ ನಾನೇನು ಹೇಳ್ಲಿ ಗುರುಗಳೇ! ಶುಂಠಿ ಯಾವುದು, ಅರಿಶಿನ ಯಾವುದು ಅಂತ ನನಗೆ ತೋರಿಸಿಕೊಟ್ಟೋರೇ ನೀವು."

ನೋಡು, ಶುಂಠಿ ಅನ್ನೋ ಮಾತು ಬಾಯಿಗೆ ಬಂತು. ಬಂದು ಹೊಗಳಿಕೆ ಆಗಿ ಹೊರಗೆ ಬಿತ್ತು. ಕೈ ಮುಗಿದು ಹೊರಟುಹೋದ. ವೈದ್ಯನ ಮುಖ ಎಷ್ಟು ಹಗುರ ಆಯ್ತು ಅಂದ್ರೆ, ಒಳಗೆ ಬಂದು ಹೆಂಡತಿಗೆ ಹೇಳಿದ, ಔಷಧ ಸರಿ ಇದೆ ಕಣೇ.

"ಮಗು ಕಾಲು ಮುಟ್ಟಿ ನೋಡ್ರೀ" ಅಂದಳು ಅವಳು. "ಬಾವಿ ಕಲ್ಲಿನ ಹಾಗಿದೆ."

"ಹದಿನಾಲ್ಕು ಜನ ನೋಡ್ಕೊಂಡು ಹೋದ್ರು. ಒಬ್ಬನಾದ್ರೂ ಬಾಗಿಲು ತಟ್ಟಿದ್ನಾ?"

"ಬಾಗಿಲು ತಟ್ಟೋದನ್ನ ನೀವು ಅವರಿಗೆ ಯಾವತ್ತು ಕಲಿಸಿದ್ರಿ?"

ಅವನು ಒಲೆ ಮುಂದೆ ಹೋಗಿ ಕೂತ. ಬೇರು ಇನ್ನೊಂದು ಚಿಟಿಕೆ ಜಾಸ್ತಿ ಹಾಕಿದ. ಆರನೇ ದಿನ ಹಾಕಿದ, ಏಳನೇ ದಿನ ಹಾಕಿದ. ದಿನಾ ಚರಟ ಹರಡೋದು, ದಿನಾ ಕಾಯೋದು, ದಿನಾ ಯಾರೂ ಬಾಗಿಲು ತಟ್ಟಲಿಲ್ಲ ಅಂತ ಧೈರ್ಯ ತಗೊಳ್ಳೋದು. ಎಂಟನೇ ದಿನ ಬೆಳಗ್ಗೆ ಮಗು ಬಟ್ಟಲನ್ನ ನೋಡಿ, ಅಪ್ಪಾ ಇವತ್ತು ಬೇಡ ಅಂತು. ಇನ್ನೊಂದೇ ಗುಟುಕು ಪುಟ್ಟೀ ಅಂದ ವೈದ್ಯ. ಪಾಪ, ಬಾಯಿ ತೆರೀತು. ಆ ಗುಟುಕು ಗಂಟಲಿಂದ ಇಳಿಯಲೇ ಇಲ್ಲ. ತುಟಿಯ ಅಂಚಿಂದ ಹಳದಿಯಾಗಿ ಹರಿದು ದಿಂಬಿಗೆ ಬಿತ್ತು.

ಮಣ್ಣು ಮಾಡಿ ಬಂದ ಮೇಲೆ ಹದಿನಾಲ್ಕೂ ಜನ ಅಂಗಳದಲ್ಲಿ ಕೂತ್ರು. ಯಾರೂ ಯಾರ ಮುಖಾನೂ ನೋಡ್ತಿಲ್ಲ. ಹಿರೀ ಶಿಷ್ಯ ಇದ್ದಕ್ಕಿದ್ದ ಹಾಗೆ ಗುರುವಿನ ಕಾಲಿಗೆ ಬಿದ್ದುಬಿಟ್ಟ.

"ಗುರುಗಳೇ, ನನಗೆ ಐದನೇ ದಿನವೇ ಗೊತ್ತಾಗಿತ್ತು!"

ಹಿಂದಿನಿಂದ ಇನ್ನೊಬ್ಬ, ನನಗೂ ಅಂದ. ಮತ್ತೊಬ್ಬ, ನನಗೂ. ಒಬ್ಬೊಬ್ಬರೇ, ಒಬ್ಬೊಬ್ಬರೇ. ವೈದ್ಯ ಬಯ್ಯಲಿಲ್ಲ. ಬಯ್ದಿದ್ರೆ ಎಷ್ಟೋ ವಾಸಿ ಇತ್ತು.

"ನನಗೂ ಐದನೇ ದಿನವೇ ಅನುಮಾನ ಬಂದಿತ್ತಪ್ಪ" ಅಂದ. "ನಿಮ್ಮನ್ನ ನೋಡಿ ಧೈರ್ಯ ತಂದ್ಕೊಂಡೆ."

ಅಷ್ಟು ಹೇಳಿ ಒಳಗೆ ಹೋದೋನು ಆಮೇಲೆ ಯಾರ ನಾಡೀನೂ ಹಿಡೀಲಿಲ್ಲ. ಆ ಹದಿನಾಲ್ಕು ಜನ ಮಾತ್ರ ಹತ್ತೂರಲ್ಲಿ ಔಷಧ ಕೊಡ್ತಾನೇ ಇದ್ರು. ಚರಟ ದಾರಿಗೆ ಬೀಳ್ತಾನೇ ಇತ್ತು. ಅದನ್ನ ಬಗ್ಗಿ ನೋಡೋರೂ ಇದ್ರು. ಬಾಗಿಲು ತಟ್ಟಿದ ಸದ್ದು ಮಾತ್ರ ಆ ಊರಲ್ಲಿ ಯಾವತ್ತೂ ಕೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದ್ರು. ಪ್ರಶ್ನೆ ಕೇಳಿದ್ದ ಶಿಷ್ಯನ ಕಣ್ಣಲ್ಲಿ ನೀರು. ತಡ್ಕೊಳ್ಳೋಕಾಗದೆ ಎದ್ದೇ ನಿಂತ.

"ಅಯ್ಯೋ, ಆ ಹಿರೀ ಶಿಷ್ಯ ಒಂದು ಮಾತು ಹೇಳಿದ್ರೆ ಅವನ ಗಂಟೇನು ಹೋಗ್ತಿತ್ತು ಗುರುಗಳೇ! ಬೈಸ್ಕೊಂಡ್ರೆ ಬೈಸ್ಕೊಳ್ತಿದ್ದ. ಮಗು ಉಳೀತಿತ್ತಲ್ಲ!"

ಗುರುಗಳು ಅವನ ಮುಖವನ್ನೇ ನೋಡಿದ್ರು.

"ಸರಿ. ಈಗ ನನ್ನಲ್ಲಿ ನಿನ್ನ ಕಣ್ಣಿಗೆ ಬಿದ್ದ ತಪ್ಪು ಯಾವುದು, ಹೇಳು."

ಶಿಷ್ಯ ಬಾಯಿ ತೆರೆದ. ಮುಚ್ಚಿದ. ಕೂತ್ಕೊಂಡ.