ಎರಡು ಗಂಟೆಗಳ ನಡುವಿನ ಹೊತ್ತು

"ಕೇಳಿರಪ್ಪೋ ಕೇಳಿ! ಮೇಲ್ಸೀಮೆಯ ದೊರೆ ಭುಜಬಲರಾಯರ ಅಪ್ಪಣೆ! ರಾಜಕುಮಾರಿ ಪದುಮಲೆಯ ಬಾಯಿಂದ ಬರುವ ಮೂರು ಒಗಟು ಬಿಡಿಸಿದವನಿಗೆ ಆಕೆಯನ್ನು ಕೊಟ್ಟು ಮದುವೆ, ಮೇಲೆ ಅರ್ಧ ರಾಜ್ಯ. ತಪ್ಪಿದವನಿಗೆ ಸಾವು. ಕೊಲ್ಲುವವರು ಮಾತ್ರ ನಾವಲ್ಲ!"

ಡಂಗುರದವನ ಆ ಕೊನೆಯ ಮಾತಿಗೆ ಸಂತೆಯೆಲ್ಲ ಅವನತ್ತ ತಿರುಗಿತು.

ಮೇಲ್ಸೀಮೆ ಬೆಟ್ಟದ ಮೇಲಿನ ರಾಜ್ಯ. ಬೆಟ್ಟದ ಪಡುವಣ ಬುಡದಲ್ಲಿ ಮಸಿಹೊಳೆ, ಹೊಳೆಯಾಚೆ ಕೆಳಸೀಮೆ. ಎರಡೂ ಕಡೆ ಸೂರ್ಯ ಕಂಡ ಕೂಡಲೇ ತಳದಲ್ಲಿ ತೂತಿರುವ ಗಳಿಗೆಬಟ್ಟಲನ್ನು ನೀರಿಗೆ ಬಿಟ್ಟು, ಗಳಿಗೆಗೊಮ್ಮೆ ಅದು ಮುಳುಗಿದಾಗಲೆಲ್ಲ ಗಂಟೆ ಬಾರಿಸಿ ಹೊತ್ತು ಎಣಿಸುತ್ತಿದ್ದರು. ಕೆಳಸೀಮೆಗೆ ಬೆಟ್ಟ ಅಡ್ಡವಾದ್ದರಿಂದ ಅಲ್ಲಿ ಸೂರ್ಯ ಎರಡು ಗಳಿಗೆ ತಡವಾಗಿ ಕಾಣುತ್ತಿದ್ದ. ಹಾಗಾಗಿ ಮೇಲೆ ಹತ್ತು ಬಾರಿಸಿದಾಗ ಕೆಳಗೆ ಎಂಟು. ಆದರೆ ಇದನ್ನು ಯೋಚಿಸುವವರೇ ಇರಲಿಲ್ಲ. ಮೂರು ತಲೆಮಾರಿನಿಂದ ಮೇಲ್ಸೀಮೆಯವರು ಕೆಳಗಿನವರೊಡನೆ ಹೆಣ್ಣು ಕೊಟ್ಟು ತರುವುದನ್ನು ಬಿಟ್ಟಿದ್ದರು. ಯಾಕೆ ಬಿಟ್ಟರೆಂಬುದು ಯಾರಿಗೂ ನೆನಪಿರಲಿಲ್ಲ.

ಆ ವರ್ಷ ಹೊಳೆಯ ಈಚೆ ದಡದಲ್ಲಿದ್ದ ದೊರೆಯ ಅರಮನೆಯಲ್ಲಿ ಒಂದು ಕೇಡು ಶುರುವಾಯಿತು. ಮೇಲೆ ಮೂವತ್ತನೆಯದಾದ ಸಂಜೆಗಂಟೆ ಬಾರಿಸಿತೋ, ಪದುಮಲೆಯ ಕಣ್ಣು ಕಲ್ಲಿನಂತಾಗುತ್ತಿತ್ತು. ಒಣನೆಲದ ಮೇಲೆ ಅವಳು ಇಟ್ಟ ಹೆಜ್ಜೆಯೆಲ್ಲ ಒದ್ದೆ. ಹೊಳೆಮೆಟ್ಟಿಲಿನ ಮೇಲೆ ಕೂತು ಬೇರೆ ಯಾರದೋ ಗಂಟಲಲ್ಲಿ, ಇರುವುದು ಮೂರು, ತಪ್ಪಿದವನು ಹೊಳೆಗೆ ಎಂದು ಹೇಳಿ ಒಗಟು ಕೇಳುತ್ತಿದ್ದಳು. ಕೆಳಗಿನ ಸಂಜೆಗಂಟೆ ಕೇಳಿಸಿದ ಮೇಲೆ ಮತ್ತೆ ಮೊದಲಿನಂತೆ. ದಿನಕ್ಕೊಂದು ಮೆಟ್ಟಿಲಿನಂತೆ ಅವಳು ನೀರಿಗೆ ಹತ್ತಿರವಾಗುತ್ತಿದ್ದಳು.

ಮೊದಲು ಬಂದವನು ಕಡಲೂರಿನ ರಾಜಕುಮಾರ. ಆ ಗಂಟಲು ಅವನನ್ನು ಕೇಳಿತು:

"ಹತ್ತು ಬಾರಿಸಿದಾಗ ಒಬ್ಬ ಮನೆ ಬಿಟ್ಟ. ಒಂಬತ್ತು ಬಾರಿಸುವಾಗ ನೆಂಟರ ಮನೆ ಮುಟ್ಟಿದ. ಅದೇ ದಿನ, ಅದೇ ಹಗಲು. ಹೇಗೆ?"

"ಅವನು ಮಂತ್ರಗಾರ" ಎಂದು ನಕ್ಕ ರಾಜಕುಮಾರ.

ಕೆಳಗಿನ ಗಂಟೆ ಕೇಳಿಸಿತು. ಅವನು ನಗುತ್ತಲೇ ಎದ್ದು ಹೊಳೆಗೆ ಇಳಿದ. ನೀರು ತಲೆ ಮುಚ್ಚಿತು. ಒಂದು ಗುಳ್ಳೆಯೂ ಏಳಲಿಲ್ಲ.

ಮರುವಾರ ಬಂದ ದಂಡನಾಯಕ "ಗಂಟೆಯವನು ಕುಡಿದಿದ್ದ" ಎಂದ. ಆಮೇಲೆ ಬಂದ ಸಾಹುಕಾರನ ಮಗ "ಅದು ಕನಸು" ಎಂದ. ಇಬ್ಬರೂ ಅದೇ ದಾರಿ ಹಿಡಿದರು.

ಬಳೆಗಾರ ಲಕ್ಕಣ ಹಗಲು ಹೊತ್ತಿನಲ್ಲಿ ಅರಮನೆಗೆ ಬಳೆ ತೊಡಿಸಲು ಹೋದಾಗ ರಾಜಕುಮಾರಿಯ ಮಣಿಕಟ್ಟು ಹಿಮದಂತಿತ್ತು.

"ಯಾಕೆ ತಾಯಿ, ಇಷ್ಟು ತಣ್ಣಗೆ?"

"ಸಂಜೆಯಾದರೆ ನನ್ನೊಳಗೆ ಯಾರೋ ಬಂದು ಕೂರುತ್ತಾರೆ ಲಕ್ಕಣ. ಅಳುತ್ತಾರೆ. ಬಂದವರೆಲ್ಲ ರಾಜ್ಯದ ಆಸೆಗೆ ಬರುತ್ತಾರೆ. ಆ ಅಳುವವಳನ್ನು ಏನಮ್ಮಾ ಅಂತ ಒಬ್ಬರೂ ಕೇಳಲಿಲ್ಲ. ಇನ್ನು ಎರಡು ಮೆಟ್ಟಿಲು ಉಳಿದಿವೆ."

ಮನೆಗೆ ಬಂದ ಲಕ್ಕಣ, ಒಗಟು ಬಿಡಿಸಲು ತಾನೇ ಹೋಗುತ್ತೇನೆ ಎಂದ. ತಾಯಿ ಸಾತವ್ವ ಹೌಹಾರಿದಳು. "ಇರೋನೊಬ್ಬ ಮಗ ನೀನು, ಬೇಡ ಕಣಪ್ಪ." ಆದರೂ ಅವನು ಸಂಜೆಗೆ ಮುಂಚೆಯೇ ಹೋಗಿ ಹೊಳೆಮೆಟ್ಟಿಲಿನ ಮೇಲೆ ಕೂತ. ದೊರೆ ಬೇಡವೆನ್ನಲಿಲ್ಲ, ಬೇರೆ ಯಾರೂ ಬಂದಿರಲಿಲ್ಲ.

ಮೇಲಿನ ಗಂಟೆ ಬಾರಿಸಿತು. ಪದುಮಲೆಯ ಕೂದಲಿನಿಂದ ನೀರು ತೊಟ್ಟಿಕ್ಕತೊಡಗಿತು. ಆ ಗಂಟಲು ಮೊದಲನೆಯ ಒಗಟು ಕೇಳಿತು.

ಲಕ್ಕಣ ಬೆರಳೆಣಿಸುತ್ತ ಹೇಳಿದ. "ಬಳೆ ಹೊತ್ತು ನಾನು ಕೆಳಸೀಮೆಗೂ ಹೋಗುವವನು, ತಾಯಿ. ಇಲ್ಲಿ ಹತ್ತಕ್ಕೆ ಹೊರಟು ಒಂದು ಗಳಿಗೆ ದೋಣಿಯಲ್ಲಿ ಕೂತರೆ ಇಲ್ಲಿಗೆ ಹನ್ನೊಂದು. ಅಲ್ಲಿಗೆ ಒಂಬತ್ತು. ಅವನು ಹೊಳೆ ದಾಟಿದ, ಅಷ್ಟೆ."

"ಎರಡನೆಯದು ಕೇಳು. ಅಣ್ಣ ಹುಟ್ಟಿದ್ದು ಮಂಗಳವಾರ. ಅವನ ಬೆನ್ನಿಗೇ ಹುಟ್ಟಿದ ತಮ್ಮನದು ಸೋಮವಾರ. ಒಬ್ಬಳೇ ತಾಯಿ, ಒಂದೇ ಹೆರಿಗೆ. ಹೇಗೆ?"

ಅವನು ಕಣ್ಣು ಮುಚ್ಚಿ ಆ ಬಸುರಿಯನ್ನು ನೆನೆದ. "ಪಾಪ, ತವರಿಗೆ ಹೊರಟವಳು. ಬೆಟ್ಟದ ಮೇಲೆ ಸೂರ್ಯ ಕಂಡು ಈ ದಡಕ್ಕೂ ಮಂಗಳವಾರವಾಗಿತ್ತು, ಅಣ್ಣ ಹುಟ್ಟಿದ. ದೋಣಿ ಆಚೆ ಮುಟ್ಟಿತು. ಅಲ್ಲಿ ಸೂರ್ಯ ಇನ್ನೂ ಬೆಟ್ಟದ ಹಿಂದಿದ್ದ, ಸೋಮವಾರ ಮುಗಿದಿರಲಿಲ್ಲ. ತಮ್ಮ ಹುಟ್ಟಿದ."

ಹೊಳೆಯ ಮೇಲಿನ ಗಾಳಿ ನಿಂತಿತು. ಆ ಗಂಟಲು ಈಗ ಮೆತ್ತಗಾಗಿತ್ತು.

"ಸಂಜೆಗಂಟೆ ಬಾರಿಸುವಾಗ ಬಂದು ಕರೆದೊಯ್ಯುತ್ತೇನೆ ಎಂದವನೊಬ್ಬ. ಇದೇ ಮೆಟ್ಟಿಲಿನ ಮೇಲೆ ಕಾದವಳೊಬ್ಬಳು. ಗಂಟೆ ಬಾರಿಸಿತು. ಹೊಳೆಯ ಮೇಲೆ ಒಂದು ದೋಣಿಯೂ ಇರಲಿಲ್ಲ. ಅವಳು ನೀರಿಗಿಳಿದಳು. ಮೋಸ ಮಾಡಿದವರು ಯಾರು?"

ಲಕ್ಕಣ ಅವಳತ್ತ ಬಾಗಿದ. "ನೀನು ಯಾರು, ತಾಯಿ?" ಎಂದು ಕೇಳಿದ.

ಅವಳು ಅರಮನೆಯ ಕಡೆ ತಿರುಗಿ ಹೇಳಿದಳು. "ಮಾಚಬ್ಬೆ. ಈ ಮನೆಯವಳೇ."

ಹಿಂದೆ ನಿಂತಿದ್ದ ದೊರೆ ಎರಡು ಮೆಟ್ಟಿಲು ಇಳಿದು ಬಂದ. ಅದು ಅವನ ಅಜ್ಜನ ತಂಗಿಯ ಹೆಸರು. ಮನೆಯಲ್ಲಿ ಯಾರೂ ಎತ್ತದ ಹೆಸರು.

"ಅವನು ಯಾವ ಸೀಮೆಯವನವ್ವ?"

"ಕೆಳಗಿನವನು."

"ಹಾಗಾದರೆ ಯಾರೂ ಮೋಸ ಮಾಡಲಿಲ್ಲ. ನೀನು ನಿನ್ನ ಗಂಟೆಗೆ ಕಾದೆ. ಅವನು ತನ್ನ ಗಂಟೆಗೆ ಬಂದ. ನೀನು ಇಳಿದಾಗ ಅವನು ಆಚೆ ದಡದಲ್ಲಿ ದೋಣಿ ಬಿಚ್ಚುತ್ತಿದ್ದನೋ ಏನೋ."

ಅವಳು ಎದ್ದಳು. ಕೊನೆಯ ಮೆಟ್ಟಿಲಿಗೆ ಕಾಲಿಟ್ಟಳು. ಲಕ್ಕಣ ಅವಳ ಕೈ ಹಿಡಿದ. ಚಳಿ ಅವನ ಮೊಣಕೈವರೆಗೂ ಏರಿತು. "ಹೋಗಬೇಡವ್ವ. ಇವತ್ತೊಂದು ದಿನ ಕೆಳಗಿನ ಗಂಟೆವರೆಗೂ ಕಾಯಿ. ನಾನೂ ಕಾಯುತ್ತೇನೆ."

ಕತ್ತಲು ಕವಿಯಿತು. ತೋಳು ಮರಗಟ್ಟಿದರೂ ಅವನು ಕೈ ಬಿಡಲಿಲ್ಲ. ಕೊನೆಗೆ ಕೆಳಸೀಮೆಯ ಗಂಟೆ ನೀರಿನ ಮೇಲೆ ತೇಲಿ ಬಂತು. ಅದರ ಹಿಂದೆಯೇ ಹುಟ್ಟು ಹಾಕುವ ಸದ್ದು. ಖಾಲಿ ದೋಣಿಯೊಂದು ಬಂದು ಮೆಟ್ಟಿಲಿಗೆ ತಾಗಿತು. ಪದುಮಲೆ ನಿಂತಲ್ಲೇ ನಿಂತಿದ್ದಳು. ಆದರೆ ಅವಳ ಕಾಲ ಬಳಿಯಿಂದ ಒದ್ದೆ ಹೆಜ್ಜೆಗಳು ಒಂದೊಂದಾಗಿ ಮೂಡುತ್ತ ದೋಣಿಯವರೆಗೆ ಹೋದವು. ದೋಣಿ ಇಬ್ಬರ ಭಾರಕ್ಕೆ ತಗ್ಗಿ, ತಿರುಗಿ, ಕತ್ತಲಲ್ಲಿ ಮರೆಯಾಯಿತು.

"ಲಕ್ಕಣ, ನಿನ್ನ ಕೈ ಯಾಕೆ ಇಷ್ಟು ತಣ್ಣಗಿದೆ?" ಎಂದಳು ಪದುಮಲೆ, ತನ್ನದೇ ದನಿಯಲ್ಲಿ.

ದೊರೆ ಆಡಿದ ಮಾತಿನಂತೆ ಅರ್ಧ ರಾಜ್ಯ ಕೊಟ್ಟ. ಮಗಳನ್ನು ಮಾತ್ರ ಕೇಳಿಯೇ ಕೊಟ್ಟ. ಅವಳು ಹೂಂ ಅಂದಳು. ಸಾತವ್ವ ಸೊಸೆಯನ್ನು ಮನೆ ತುಂಬಿಸಿಕೊಂಡಳು. ಮುಳುಗಿದ ಮೂವರು ತಿರುಗಿ ಬರಲಿಲ್ಲ. ಲಕ್ಕಣ ಅವರ ಮನೆಗಳಿಗೆ ತಾನೇ ಹೋಗಿ ನಡೆದದ್ದನ್ನು ಹೇಳಿ ಬಂದ. ಎರಡು ಸೀಮೆಗಳ ನಡುವೆ ಮತ್ತೆ ಹೆಣ್ಣು ಕೊಟ್ಟು ತರುವುದು ಶುರುವಾಯಿತು. ಅವರು ಹಾಗೆ ಬಾಳಿದರು, ಕೇಳಿದ ನಾವು ಹೀಗೆ ಉಳಿದೆವು.